ಬತ್ತಿಸಿದ ಹಳ್ಳ

"ಯಾರೂ ಮುಟ್ಟಿಲ್ಲ, ತಾನೇ ಶುರುವಾಯ್ತು ನೋಡು," ಎನ್ನುತ್ತ ಮೇಸ್ತ್ರಿ ಜುಮಾಶ್ ಎರಡನೇ ಪಂಪಿನಿಂದ ಹಿಂದೆ ಸರಿದ.

"ಸೆನ್ಸರ್ ಇರೋದೇ ಅದಕ್ಕಲ್ವಾ ಅಣ್ಣ. ನೀರು ಏರಿದ್ರೆ ಓಡುತ್ತೆ," ಎಂದ ಪಂಪು ನೋಡಿಕೊಳ್ಳುವ ಶಾರ್ಷೆನ್.

"ಬೆಳಗಿನ ಚಳೀಲಿ ಎಲ್ಲಿಂದ ಏರುತ್ತೋ? ಇದು ಈ ಹಳ್ಳದಲ್ಲಿ ಕಾಣೆಯಾದ ಬಾತ್ಮಾಳ ಹುಡುಗಿ ಕೆಲಸ. ಆಳುಗಳು ಕೆಳಗಿಳಿಯಲ್ಲ ಅಂತಿದಾರೆ. ಆ ಸೆನ್ಸರನ್ನ ಒಂದಿಷ್ಟು ಮೇಲೆ ಕಟ್ಟು, ಪಂಪು ಸುಮ್ಮನಿರಲಿ."

ಶಾರ್ಷೆನ್ ನಕ್ಕ. ಆದರೂ ಮೇಲೆ ಕಟ್ಟಿದ. ಮರಳುಚೀಲಗಳ ಒಡ್ಡಿನ ಹಿಂದೆ ನಿಂತ ನೀರನ್ನು ಪಂಪುಗಳು ದಪ್ಪ ಪೈಪಿನಲ್ಲಿ ಸುತ್ತುಹಾಕಿಸಿ ಕೆಳಗೆ ಬಿಡುತ್ತಿದ್ದವು. ಸೇತುವೆ ಏಳುವ ಜಾಗದಲ್ಲಿ ಹಳ್ಳ ಬರಿದಾಗಿ ಬಿದ್ದಿತ್ತು. ಈ ನಾರಿನ್ ಸೀಮೆಯವರು ಹರಿಯುವ ನೀರಿಗೆ ಉಗುಳುವುದೂ ಇಲ್ಲ. ಇವರು ಹಳ್ಳದ ನೀರಿನ ಹೊದಿಕೆಯನ್ನೇ ಎಳೆದುಹಾಕಿದ್ದರು. ಶಾರ್ಷೆನ್ ಕೂಡ ಅತ್ತ ಹೆಚ್ಚು ಹೊತ್ತು ನೋಡುತ್ತಿರಲಿಲ್ಲ.

ಕಾಂಕ್ರೀಟ್ ಹಾಕುವ ಹಿಂದಿನ ದಿನ ಬಾತ್ಮಾಳೇ ಬಂದಳು. ಅವಳ ಮಗಳು ಸಾಲ್ಕಿನ್ ಕರುವಿನ ಹಿಂದೆ ಈ ಹಳ್ಳದ ಕಡೆ ಹೋದವಳು ತಿರುಗಿ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ.

"ನೀರಿಲ್ಲದಾಗ ಒಂದ್ಸಲ ಹುಡುಕ್ತೀನಪ್ಪ. ಅವಳ ಜಡೆಬಿಲ್ಲೆ ಸಿಕ್ಕರೂ ಸಾಕು, ಅತ್ತು ಮುಗಿಸ್ತೀನಿ. ದಿನಾ ಬಾಗಿಲು ಕಾದು ಸಾಕಾಗಿದೆ."

ಇಲ್ಲವೆನ್ನಲು ಶಾರ್ಷೆನ್‌ಗೆ ಬಾಯಿ ಬರಲಿಲ್ಲ. ಅವಳ ಜೊತೆ ತಾನೂ ಇಳಿದು ಕಲ್ಲು ಮಗುಚತೊಡಗಿದ. ದೊಡ್ಡ ಬಂಡೆಯ ಹತ್ತಿರ ಬರುವಷ್ಟರಲ್ಲಿ ಪಾದ ತಣ್ಣಗಾಯಿತು. ತಿರುಗಿ ನೋಡಿದರೆ ನೀರು ಒಡ್ಡನ್ನು ದಾಟಿ ಇಳಿಯುತ್ತಿದೆ, ಎರಡನೇ ಪಂಪು ಸುಮ್ಮನಿದೆ. ಮೇಲೆ ಬೆಟ್ಟದಲ್ಲಿ ಹಿಮ ಕರಗಿ ನೀರು ನಿಜಕ್ಕೂ ಏರುತ್ತಿತ್ತು. ಸೆನ್ಸರನ್ನು ಅವನು ಒಡ್ಡಿಗಿಂತ ಎತ್ತರಕ್ಕೆ ಕಟ್ಟಿಬಿಟ್ಟಿದ್ದ.

"ಅಮ್ಮಾ, ಮೇಲೆ ನಡಿ."

"ಈ ಬಂಡೆ ಅಡಿ ಒಂದು ಉಳೀತು. ನೋಡದೆ ಬರಲ್ಲ."

ಅವನು ಬೋರಲು ಮಲಗಿ ಬಂಡೆಯಡಿ ಭುಜದವರೆಗೂ ಕೈ ತೂರಿಸಿದ. ತೆಳ್ಳಗಿನ ದುಂಡನೆಯದೊಂದು ಬೆರಳಿಗೆ ಸಿಕ್ಕಿತು. ಅಂಚಿನಲ್ಲಿ ತೂತು, ಮೈಮೇಲೆ ಕೆತ್ತನೆ. ಅಷ್ಟರಲ್ಲಿ ನೀರು ನುಗ್ಗಿ ಅದು ಕೈ ಜಾರಿತು. ಎಷ್ಟು ತಡವಿದರೂ ಬರೀ ಕೆಸರು. ಹಿಂದೆ ಚೀಲಗಳು ಒಂದೊಂದಾಗಿ ಉರುಳುತ್ತಿದ್ದವು. ಹೇಳಿದರೆ ಈಕೆ ಇಲ್ಲಿಂದ ಏಳುವವಳಲ್ಲ.

"ಏನೂ ಇಲ್ಲಮ್ಮ," ಎಂದ.

ದಡ ಸೇರಿದ ಮೇಲೆ ಬಾತ್ಮಾ ತಿರುಗಿ ನಿಂತು ತುಂಬುತ್ತಿದ್ದ ಹಳ್ಳ ನೋಡಿದಳು. ಆಮೇಲೆ ಅವಳ ಮುಖ ಅರಳಿತು.

"ಹಾಗಾದ್ರೆ ಅವಳು ಇಲ್ಲಿ ಸತ್ತಿಲ್ಲ. ಎಲ್ಲೋ ಇದಾಳೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಎಣ್ಣೆ ಬೇರೆ ತಂದಿದ್ದೆ."

ಸತ್ತವರ ಹೆಸರಲ್ಲಿ ಅಲ್ಲಿ ಎಣ್ಣೆ ಕಾಯಿಸಿ ಹಿಟ್ಟಿನ ತುಂಡು ಕರಿಯುತ್ತಾರೆ. ಆ ವಾಸನೆ ಅವರಿಗೆ ಮುಟ್ಟುತ್ತದಂತೆ. ಬಾಟಲಿಯನ್ನು ಅವನ ಕೈಗಿಟ್ಟು, "ನಿಮ್ಮ ಅಡುಗೆಗೆ ಆಗುತ್ತೆ. ನಾನು ಮನೇಲಿರಬೇಕು, ಅವಳು ಬಂದ್ರೆ?" ಎಂದಳು.

ಈಗ ಹೇಳಿದರೆ ಅಪಾಯವೇನೂ ಇರಲಿಲ್ಲ. ಶಾರ್ಷೆನ್ ಬಾಯಿ ತೆರೆದ. ಆ ಮುಖ ನೋಡಿ, ಬಾಟಲಿಯ ಮುಚ್ಚಳ ಬಿಗಿ ಮಾಡುತ್ತ ನಿಂತ. ಅವಳು ಹುಡುಗಿಯ ಹಾಗೆ ಸರಸರ ದಿಬ್ಬ ಏರಿ ಹೋದಳು.

ಮಧ್ಯಾಹ್ನ ಅವನು ಶೆಡ್ಡಿನ ಹೊರಗೆ ಒಲೆ ಹಚ್ಚಿ ಬಾಣಲೆ ಇಟ್ಟ.

"ಏನೋ, ಹಬ್ಬಾನಾ ಇವತ್ತು?" ಎಂದು ಜುಮಾಶ್ ಕೆಣಕಿದ.

ಶಾರ್ಷೆನ್ ಬಾತ್ಮಾಳ ಎಣ್ಣೆಗೆ ಹಿಟ್ಟಿನ ತುಂಡುಗಳನ್ನು ಬಿಡುತ್ತ ಹೋದ. ಹೊಗೆ ಮೇಲೇರದೆ ನೀರಿನ ಮೇಲೆ ಬಾಗಿ, ಹಳ್ಳದ ಜೊತೆಯಲ್ಲೇ ಕೆಳಗೆ ಸಾಗುತ್ತಿತ್ತು.