ಗುಡುಗಪ್ಪನ ಗಾಡಿ

ಕೋಟಿನ ಗುಂಡಿ ಹೊಲಿದು ಮುಗಿಸಿ ಅವಳು ಬಾಗಿ ದಾರವನ್ನು ಹಲ್ಲಿನಿಂದ ಕಡಿದಳು. ಕೋಟು ಗಂಡನ ಮೈಮೇಲೇ ಇತ್ತು. ಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಗುಂಡಿ ಜೋತಾಡುವುದು ಕಣ್ಣಿಗೆ ಬಿದ್ದಿತ್ತು. ಊರವರ ಬಟ್ಟೆಯನ್ನೆಲ್ಲ ಹೊಲಿದವಳು ಕಟ್ಟಿಕೊಂಡವನನ್ನು ಹಾಗೇ ಕಳಿಸುವುದು ಹೇಗೆ? ಬಾಗಿದಾಗ ಅವನ ಗಲ್ಲ ಹಣೆಗೆ ತಗುಲಿತು. ತಣ್ಣಗಿತ್ತು.

ಹೊರಗಿನ ಕೋಣೆಯಲ್ಲಿ ಮೈದುನ ಮಾತಾಡುತ್ತಿದ್ದ. ಅವನಿಗೆ ಮೆಲ್ಲಗೆ ಮಾತಾಡಿ ಗೊತ್ತೇ ಇರಲಿಲ್ಲ.

“ಎದೆನೋವು ಅಂತ ಡಾಕ್ಟರು ಬರೆದುಕೊಟ್ರು. ಡಾಕ್ಟರಿಗೇನ್ರೀ ಗೊತ್ತು? ಗಾಡಿ ಹೋದ ದಿನಾನೇ ನಮ್ಮಣ್ಣನೂ ಹೋದ. ಮಣ್ಣು ಮಾಡೋದು ಇವತ್ತು, ಅಷ್ಟೇ.”

“ಒಳಗೆ ಅತ್ತಿಗೆ ಇದ್ದಾರೆ ಮಾರಾಯ,” ಎಂದ ಪೇಂಟರು. ಆ ಗಾಡಿಗೆ ಮೂರು ಸಲ ಬಣ್ಣ ಹೊಡೆದವನು ಅವನು.

“ಕೇಳಿಸ್ಲಿ ಬಿಡಿ. ಹಗಲೂ ರಾತ್ರಿ ತಲೆ ತಿಂದು ಮಾರಿಸಿದ್ರಲ್ಲ, ಈಗ ಕೇಳಿಸ್ಕೊಳ್ಳಲಿ.”

ಅವಳು ಸೂಜಿಯನ್ನು ಕುಪ್ಪಸದ ಅಂಚಿಗೆ ಚುಚ್ಚಿಕೊಂಡು ನೆಟ್ಟಗೆ ನಿಂತಳು. ಮಗಳು ಒಳಗೆ ಬಂದಳು. ಅತ್ತೂ ಅತ್ತೂ ಅವಳ ಮುಖ ಊದಿಕೊಂಡಿತ್ತು. ಬೇರೆ ಊರಲ್ಲಿ ಸಂಸಾರ ಹೂಡಿದವಳು ಸುದ್ದಿ ಕೇಳಿ ಉಟ್ಟ ಬಟ್ಟೆಯಲ್ಲೇ ಓಡಿಬಂದಿದ್ದಳು. ಬಂದಾಗಿನಿಂದ ಅಮ್ಮನ ಹತ್ತಿರ ಆಡಿದ್ದು ಎಷ್ಟು ಬೇಕೋ ಅಷ್ಟೇ ಮಾತು.

“ವ್ಯಾನ್ ಬಂತು.”

“ಒಂದು ಗಳಿಗೆ ಕೂತ್ಕೊಳ್ಳೇ. ಏನೂ ತಿಂದಿಲ್ಲ ನೀನು.”

“ನನಗಾದ್ರೂ ಕೊಡಿಸಬಹುದಿತ್ತಲ್ಲ ಅಮ್ಮ.” ಮಗಳು ಅಪ್ಪನ ಮುಖ ನೋಡುತ್ತಲೇ ಅಂದಳು. “ನಾನು ಗೇರು ಹಾಕೋದು ಕಲಿತಿದ್ದೇ ಅದರಲ್ಲಿ. ಒಂದು ಮಾತು ಕೇಳ್ಲಿಲ್ಲ. ಯಾರೋ ದಾರೀಲಿ ಹೋಗೋರಿಗೆ ಕೊಟ್ಬಿಟ್ರಿ.”

ನಾಲಗೆಯ ತುದಿಗೆ ಬಂದದ್ದನ್ನು ಅವಳು ನುಂಗಿದಳು. “ಹಂ,” ಎಂದಳು. “ತಪ್ಪಾಯ್ತು.”

*

ಗಂಡ ಲಿಫ್ಟ್ ರಿಪೇರಿಯವನು. ಇಡೀ ದಿನ ಕತ್ತಲ ಬಾವಿಯಂಥ ಗೂಡುಗಳಲ್ಲಿ ಹಗ್ಗ, ಗಾಲಿ, ಗ್ರೀಸು. ಸಂಜೆ ಮನೆಗೆ ಬಂದವನೇ ಗಾಡಿಯ ಕೆಳಗೆ ತೂರಿಕೊಳ್ಳುತ್ತಿದ್ದ. ಮಗಳು ಹುಟ್ಟಿದ ವರ್ಷ ಗುಜರಿಯಿಂದ ಎಳೆದು ತಂದ ಕಾರು ಅದು. ಅದರಲ್ಲಿ ಮೂಲದ್ದು ಎಂದು ಉಳಿದದ್ದು ಬಹುಶಃ ಬಾಗಿಲ ಹಿಡಿಗಳು ಮಾತ್ರ. ಎಂಜಿನ್ ಬೇರೆ ಹಾಕಿದ. ಅದಕ್ಕೆ ಟರ್ಬೊ ಕೂರಿಸಿದ. ನೆಲಕ್ಕೆ ತಾಗುವಷ್ಟು ತಗ್ಗಿಸಿದ. ತೂಕ ಹೆಚ್ಚಾಯಿತೆಂದು ಹಿಂದಿನ ಸೀಟು ಕಿತ್ತೆಸೆದ. ಸೈಲೆನ್ಸರಂತೂ ಬೀದಿಯ ಕೊನೆಯಲ್ಲಿ ಗುಡುಗಿದರೆ ಮನೆಯ ಪಾತ್ರೆ ನಡುಗುತ್ತಿತ್ತು. ಅವನಿಗೆ ಗುಡುಗಪ್ಪ ಎಂದು ಹೆಸರು ಬಿದ್ದದ್ದು ಹಾಗೆ. ಮುಂದಿನ ಎರಡು ಸೀಟುಗಳ ಚರ್ಮ ಹೊಲಿದವಳು ಅವಳೇ. ಎರಡು ಸಲ ಬಿಚ್ಚಿ ಹೊಲಿದಿದ್ದಳು, ಬೆನ್ನಿಗೆ ಹೊಲಿಗೆ ಒತ್ತುತ್ತದೆಂದು.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ದಾರ, ಲೈನಿಂಗ್ ತರಲು ಇಬ್ಬರೂ ಹೊರಟಿದ್ದರು. ಶಾಲೆಯ ಮುಂದೆ ಹೆಂಗಸೊಬ್ಬಳು ಎಳೆಗೂಸಿನ ತಳ್ಳುಗಾಡಿ ಹಿಡಿದು ಪಕ್ಕದಿಂದ ರಸ್ತೆಗಿಳಿದಳು. ಇವಳು ನೋಡಿದಳು. ಅವನೂ ನೋಡಿರುತ್ತಾನೆ, ಈಗ ಬ್ರೇಕ್ ಹಾಕುತ್ತಾನೆ ಎಂದುಕೊಂಡಳು. ಅವನು ಹಾಕಲಿಲ್ಲ.

“ನಿಲ್ಸೀ!”

ಅವಳ ಚೀರಾಟಕ್ಕೆ ಅವನ ಕಾಲು ಬ್ರೇಕಿನ ಮೇಲೆ ಬಿತ್ತು. ತಳ್ಳುಗಾಡಿಯ ಚಕ್ರಕ್ಕೂ ಬಂಪರಿಗೂ ಒಂದು ಕೈ ತೂರುವಷ್ಟು ಜಾಗ ಉಳಿದಿತ್ತು. ಆ ಹೆಂಗಸು ಬೈಯಲಿಲ್ಲ, ಕೂಗಲಿಲ್ಲ. ತಳ್ಳುಗಾಡಿಯನ್ನು ಹಿಂದಕ್ಕೆಳೆದುಕೊಂಡು ಫುಟ್‌ಪಾತಿನ ಅಂಚಿನಲ್ಲಿ ಕುಸಿದು ಕೂತಳು.

“ಏನು? ಯಾರು?” ಎಂದು ಅವನು ಕೇಳಿದ. ಆಕೆ ಅವನ ಬದಿಯ ಕಿಟಕಿಯ ಆಚೆಗೇ ಕೂತಿದ್ದಳು.

ಆಗ ಇವಳಿಗೆ ಗೊತ್ತಾಯಿತು.

“ನೆಟ್ಟಗೆ ನೋಡಿದ್ದು ಕಾಣುತ್ತೆ ಕಣೇ,” ಎಂದ ಅವನು ಮನೆಗೆ ಬಂದ ಮೇಲೆ. ಕ್ಲಚ್ ಕೆಟ್ಟಿದೆ ಎಂದು ಪೇಂಟರಿಗೆ ಸುಳ್ಳು ಹೇಳಿ ಗಾಡಿಯನ್ನು ಮನೆಗೆ ಎಳೆಸಿಕೊಂಡಿದ್ದ. “ಪಕ್ಕದ್ದು ಕಾಣಲ್ಲ. ಕೊಳವೆ ಒಳಗಿಂದ ನೋಡ್ದಂಗೆ. ಡಾಕ್ಟರು ಹೇಳಿ ವರ್ಷ ಆಯ್ತು. ಹೋದದ್ದು ಮತ್ತೆ ಬರಲ್ವಂತೆ.”

“ವರ್ಷ! ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?”

“ಹೇಳಿದ್ರೆ ಕೀ ಕಿತ್ಕೋತಿದ್ದೆ.”

ಅವಳು ಅತ್ತಳು. ಅವನು ಕೈಗೆ ಮೆತ್ತಿದ ಗ್ರೀಸನ್ನು ಒರೆಸುತ್ತಲೇ ಕೂತಿದ್ದ. ಗ್ರೀಸು ಆಗಲೇ ಹೋಗಿಯಾಗಿತ್ತು.

“ಮಾರ್ತೀನಿ. ಆದ್ರೆ ಒಂದು ಮಾತು ಕೊಡು. ಕಣ್ಣಿನ ವಿಷಯ ಯಾರಿಗೂ ಗೊತ್ತಾಗಬಾರದು. ಹೆಂಡ್ತಿ ಕಾಟ ತಡೀಲಾರದೆ ಮಾರಿದೆ ಅಂತೀನಿ. ಅದನ್ನ ಎಲ್ರೂ ನಂಬ್ತಾರೆ.”

ಅಳುವಿನ ನಡುವೆಯೂ ಅವಳಿಗೆ ನಗು ಬಂತು. “ನನ್ನ ಹೆಸರು ಕೆಡಿಸ್ತೀರಾ?”

“ಗುಡುಗಪ್ಪ ಕುರುಡಪ್ಪ ಆದ ಅನ್ನೋದಕ್ಕಿಂತ ಅದು ವಾಸಿ ಅಲ್ವಾ?”

“ಮಗಳಿಗಾದ್ರೂ ನಿಜ ಹೇಳಿ. ಗಾಡಿ ಅವಳಿಗೇ ಕೊಡಿ.”

“ಕೊಟ್ರೆ, ಅಪ್ಪಾ ನೀನೂ ಓಡ್ಸು ಬಾ ಅಂತಾಳೆ. ಏನು ಹೇಳ್ಲಿ?” ಅವನು ಗ್ರೀಸಿನ ಬಟ್ಟೆಯನ್ನು ಮಡಿಚಿಟ್ಟ. “ನಿಜ ಹೇಳಿದ್ರೆ ಇನ್ನೂ ಕಷ್ಟ. ಕೈ ಹಿಡಿದು ರಸ್ತೆ ದಾಟಿಸೋಕೆ ಬರ್ತಾಳೆ. ಅವಳಿಗೆ ರಸ್ತೆ ದಾಟೋದು ಕಲಿಸಿದವನು ನಾನು. ಬೇಡ.”

ಅವಳು ಮಾತು ಕೊಟ್ಟಳು. ಆಗ ಅದು ಹಗುರವಾಗಿತ್ತು.

*

ಸ್ಮಶಾನದಲ್ಲಿ ಗುಂಡಿಯ ಸುತ್ತ ಜನ ನಿಂತಿದ್ದರು. ಲಿಫ್ಟ್ ಕಂಪನಿಯ ನಾಲ್ಕಾರು ಮಂದಿ, ಗಾಡಿ ಹುಚ್ಚಿನ ಹಳೆಯ ಗೆಳೆಯರು, ಅಕ್ಕಪಕ್ಕದವರು. ಮೈದುನ ಗಂಟಲು ಸರಿಮಾಡಿಕೊಂಡ.

“ನಮ್ಮಣ್ಣನ ಕೈ ಬಂಗಾರ ಅಂತೀರಿ. ಕೈಗಿಂತ ಕಣ್ಣು! ಹದ್ದಿನ ಕಣ್ಣು ಸ್ವಾಮಿ. ಘಾಟಿ ರಸ್ತೇಲಿ ಮಂಜು ಮುಸುಕಿ ನಾವೆಲ್ಲ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ರೆ, ಅವನು ಹಾಡು ಹೇಳ್ಕೊಂಡು ಓಡಿಸಿದ್ದ...” ಮುಂದೆ ಮಾತು ಹೊರಡದೆ ಸಣ್ಣ ಹುಡುಗನ ಹಾಗೆ ಬಿಕ್ಕಿದ. ಅವನನ್ನು ಸಾಕಿ ಬೆಳೆಸಿದವನು ಅಣ್ಣನೇ. ಪೇಂಟರು ಅವನ ಭುಜ ಹಿಡಿದುಕೊಂಡ. ಒಬ್ಬಿಬ್ಬರು ಅಳುತ್ತಲೇ ನಕ್ಕರು.

ಪಕ್ಕದಲ್ಲಿ ನಿಂತ ಮಗಳು ತನ್ನಿಂದ ಒಂದು ಹೆಜ್ಜೆ ದೂರ ಸರಿದದ್ದು ಅವಳಿಗೆ ಗೊತ್ತಾಯಿತು. ಈಗಲೇ ಹೇಳಿಬಿಡಬೇಕು. ಎಲ್ಲರೂ ಇದ್ದಾರೆ. ಸತ್ತವನಿಗೆ ಇನ್ನು ಯಾವ ಮಾನ? ಬದುಕಿರುವವಳು ನಾನು. ಇವಳು ಹೀಗೇ ಮುಖ ತಿರುಗಿಸಿ ಊರಿಗೆ ಹೋದರೆ ಮತ್ತೆ ಯಾವಾಗ ಬರುತ್ತಾಳೋ.

ಬಾಯಿ ತೆರೆದಳು. ಅಷ್ಟರಲ್ಲಿ ಗೆಳೆಯರಲ್ಲಿ ಒಬ್ಬ, “ಹದ್ದಿನ ಕಣ್ಣು, ನಿಜ,” ಎಂದು ಹಣೆ ಒತ್ತಿಕೊಂಡ. ಉಳಿದವರು ತಲೆಯಾಡಿಸಿದರು. ಅವಳು ಬಾಯಿ ಮುಚ್ಚಿಕೊಂಡು ಒಂದು ಹಿಡಿ ಮಣ್ಣು ಹಾಕಿದಳು.

*

ಗಾಡಿ ಕೊಂಡವಳು ಆಸ್ಪತ್ರೆಯ ನರ್ಸು, ಮೂವತ್ತರ ಆಚೀಚೆಯ ಹೆಂಗಸು. ಗಾಡಿ ನೋಡಲು ಬಂದವರೆಲ್ಲ ಎಷ್ಟು ಸ್ಪೀಡ್ ಹೋಗುತ್ತದೆಂದು ಕೇಳಿದರೆ, ಅವಳು ಮಾತ್ರ ಚಳಿಗೆ ಹೇಗೆ ಸ್ಟಾರ್ಟ್ ಮಾಡಬೇಕೆಂದು ಕೇಳಿದ್ದಳು. ಗುಡುಗಪ್ಪನಿಗೆ ಅಷ್ಟು ಸಾಕಾಯಿತು.

ಕೀ ಕೊಡುವ ಹೊತ್ತಿಗೆ ಬೀದಿಯವರು ನಾಲ್ಕು ಜನ ಸೇರಿದ್ದರು. ಅವನು ಹೆಂಡತಿಯ ಕಡೆ ತಿರುಗಿ, “ಸಮಾಧಾನ ಆಯ್ತೇನೇ ಈಗ?” ಎಂದು ಗಟ್ಟಿಯಾಗಿ ಕೇಳಿದ.

“ಹಂ, ಆಯ್ತು. ಇನ್ನಾದ್ರೂ ಕಿವಿಗೆ ನೆಮ್ಮದಿ,” ಎಂದು ಅವಳು ಅಷ್ಟೇ ಗಟ್ಟಿಯಾಗಿ ಹೇಳಿದಳು. ಬೀದಿ ನಕ್ಕಿತು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಅವನು ಸದ್ದು ಕೇಳುತ್ತ ನಿಂತಿದ್ದ. ಸದ್ದು ನಿಂತ ಮೇಲೆ ಗೇಟಿಗಾಗಿ ಕೈ ಚಾಚಿ ತಡಕಾಡಿದ. ಅವಳು ಯಾರಿಗೂ ಕಾಣದ ಹಾಗೆ ಗೇಟನ್ನು ಅವನ ಕೈಗೆ ತಳ್ಳಿದಳು.

*

ಮಣ್ಣು ಮುಚ್ಚಿ ಎಲ್ಲರೂ ಹೊರಗೆ ಬಂದಾಗ ಗಾಡಿ ಮರದ ಕೆಳಗೆ ನಿಂತಿತ್ತು. ಸದ್ದಾಗದಿರಲೆಂದು ನರ್ಸು ಅದನ್ನು ಇಳಿಜಾರಿನಲ್ಲಿ ಎಂಜಿನ್ ಆರಿಸಿಯೇ ತಂದಿದ್ದಳು. ನೇರವಾಗಿ ಮಗಳ ಹತ್ತಿರ ಬಂದಳು.

“ನೀವು ಓಡಿಸ್ತಿದ್ರಿ ಅಂತ ಸಾರ್ ಹೇಳಿದ್ರು. ಅಮ್ಮನ್ನ ಕೂರಿಸ್ಕೊಂಡು ಮನೆವರೆಗೆ ಹೋಗಿ. ನಾನು ವ್ಯಾನಲ್ಲಿ ಬರ್ತೀನಿ.” ಕೀ ಕೊಡುತ್ತ, “ಅವರು ಹಾಕಿದ್ದು ಯಾವುದನ್ನೂ ನಾನು ತೆಗೆದಿಲ್ಲ,” ಎಂದಳು.

ಮಗಳು ಕೀ ತೆಗೆದುಕೊಂಡು ಹೋಗಿ ಕೂತಳು. ತಾಯಿ ಪಕ್ಕದಲ್ಲಿ ಕೂತಳು. ಗಾಡಿ ಗುಡುಗಿತು, ಮರದ ಹಕ್ಕಿಗಳೆಲ್ಲ ಎದ್ದವು. ಮುಖ್ಯ ರಸ್ತೆಗೆ ಬಂದ ಮೇಲೆ ಮಗಳು ಕೇಳಿದಳು.

“ಇದೇನಮ್ಮ, ಇಷ್ಟೊಂದು ಕನ್ನಡಿ?”

ಬಾಗಿಲ ಹೊರಗಿನ ಕನ್ನಡಿಯ ಮೇಲೊಂದು ಉಬ್ಬುಗನ್ನಡಿ, ಅದರ ಕೆಳಗೆ ಇನ್ನೊಂದು. ಬಾನೆಟ್ಟಿನ ಎರಡು ಮೂಲೆಗೂ ಬಸ್ಸಿಗೆ ಹಾಕುವಂಥ ಕೊಂಬುಗನ್ನಡಿ. ಡ್ಯಾಶ್‌ಬೋರ್ಡಿನ ಉದ್ದಕ್ಕೂ ಬಿಲ್ಲೆಯಂಥ ಸಣ್ಣ ಕನ್ನಡಿಗಳು, ಒಂದೊಂದೂ ಒಂದೊಂದು ಕೋನಕ್ಕೆ. ಮಾರುವ ಮುಂಚಿನ ವರ್ಷ ಅವನು ಒಂದೊಂದಾಗಿ ಅಂಟಿಸುತ್ತ ಬಂದಿದ್ದ. ಹೊಸ ಫ್ಯಾಷನ್ ಎಂದಿದ್ದ. ಕ್ಷೌರದ ಅಂಗಡಿ ಇಟ್ಟಿದ್ದಾನೆ ಎಂದು ಗೆಳೆಯರು ಗೇಲಿ ಮಾಡಿದ್ದರು.

“ಫ್ಯಾಷನ್ನು,” ಎಂದಳು ಅವಳು.

ಮಗಳು ಓಡಿಸುತ್ತಲೇ ಒಂದು ಕನ್ನಡಿ ನೋಡಿದಳು, ಮತ್ತೊಂದು ನೋಡಿದಳು. ಬಲಗಡೆಯ ಫುಟ್‌ಪಾತು, ಎಡಗಡೆಯ ಫುಟ್‌ಪಾತು, ಗಾಲಿಯ ಪಕ್ಕದ ನೆಲ. ಪಕ್ಕದಲ್ಲಿರುವುದೆಲ್ಲ ಎದುರಿಗೆ ಬಂದು ನಿಂತಿತ್ತು. ವೇಗ ತಗ್ಗಿತು. ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು.

“ಅಪ್ಪನಿಗೆ ಪಕ್ಕದ್ದು ಕಾಣ್ತಿರ್ಲಿಲ್ವಾ?”

“ನಾನೇ ಹಠ ಮಾಡಿ ಮಾರಿಸಿದ್ದು.”

“ಅಮ್ಮ.”

“ಕಿವಿ ನೋವು ಅಂತ ನಾನೇ—” ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

ಹಿಂದಿನಿಂದ ಬಂದ ವ್ಯಾನು ಪಕ್ಕದಲ್ಲಿ ನಿಂತಿತು. ಮೈದುನ ಕಿಟಕಿಯಿಂದ ತಲೆ ಹೊರಹಾಕಿದ. “ಏನಾಯ್ತೇ? ಕೆಟ್ಟು ನಿಲ್ತಾ?”

ಮಗಳು ಗಾಜು ಇಳಿಸಿದಳು. ಕಣ್ಣು ಒರೆಸಿಕೊಳ್ಳದೆಯೇ ಹೇಳಿದಳು. “ಏನಿಲ್ಲ ಚಿಕ್ಕಪ್ಪ. ಅಮ್ಮಂದು ಇದ್ದದ್ದೇ. ನಿಧಾನ ಹೋಗು, ಸದ್ದು ಮಾಡ್ಬೇಡ ಅಂತ ಒಂದೇ ವರಾತ.”

“ನಮ್ಮಣ್ಣ ಹೆಂಗೆ ಬಾಳಿದನೋ ಇವರ ಜೊತೆ!” ಎಂದ ಮೈದುನ. ವ್ಯಾನು ಮುಂದೆ ಹೋಯಿತು.

ಮಗಳು ಗಾಡಿ ಹೊರಡಿಸಲಿಲ್ಲ. ಚೀಲದಿಂದ ಕರವಸ್ತ್ರ ತೆಗೆದು, ಡ್ಯಾಶ್‌ಬೋರ್ಡಿನ ಬಿಲ್ಲೆಗನ್ನಡಿಗಳ ಧೂಳನ್ನು ಒಂದೊಂದಾಗಿ ಒರೆಸತೊಡಗಿದಳು. ಒರೆಸಿದ ಒಂದೊಂದರಲ್ಲೂ ಅಮ್ಮನ ಮುಖದ ಒಂದೊಂದು ಚೂರು ಮೂಡುತ್ತ ಬಂತು.