ಎಂಟು ಮಗ್ಗ, ಒಂದು ಕುರ್ಚಿ

ಹಸಿರು, ಹಸಿರು, ಆರನೆಯದೂ ಹಸಿರು — ಎಂಟು ಮಗ್ಗಗಳೂ ಓಡುತ್ತಿವೆ, ಪರದೆಯ ಮೇಲಿನ ಎಂಟು ಚೌಕಗಳನ್ನು ಸತ್ಯಾ ಒಂದೇ ನೋಟದಲ್ಲಿ ನೋಡಿ ಮುಗಿಸಿದಳು, ಎದ್ದು ಹೋಗಬೇಕಾದ್ದೇನೂ ಇಲ್ಲ, ಪ್ಲಾಸ್ಟಿಕ್ ಕುರ್ಚಿ ಬೆನ್ನಿಗೆ ತಣ್ಣಗೆ ತಾಗುತ್ತಿದೆ, ತಮಿಳು ಸೀಮೆಯ ಕರುಮತ್ತಂಪಟ್ಟಿಯ ಈ ಶೆಡ್ಡಿನಲ್ಲಿ ಇಪ್ಪತ್ತೇಳು ವರ್ಷಕ್ಕೆ ಇದೇ ಮೊದಲ ಸಲ ಕೂತದ್ದು, ಮನೆಯಿಂದ ತಾನೇ ಹೊತ್ತು ತಂದ ಕುರ್ಚಿ, ಬಸ್‌ಸ್ಟಾಪಿನವರೆಲ್ಲ ನೋಡಿದರು, ನೋಡಲಿ, ಪಕ್ಕದ ಸಾಲಿನ ಮಗ್ಗ ನೋಡಿಕೊಳ್ಳುವ ತಮಿಳ್‌ಸೆಲ್ವಿ ಮಾತ್ರ ಹೆದರಿ ಕೈ ಹಿಡಿದಳು, ವೇಂಡಾಕ್ಕಾ, ಬೇಡ, ನಮ್ಮಿಬ್ಬರನ್ನೂ ಕೆಲಸದಿಂದ ಕಳಿಸಿಬಿಡ್ತಾರೆ. ಹಳೆಯ ನಾಲ್ಕು ಮಗ್ಗದ ಕಾಲದಲ್ಲಿ ಕೂರುವುದೆಲ್ಲಿ, ಲಾಳಿಯಲ್ಲಿ ನೂಲು ಮುಗಿಯಿತೇ, ಎಲ್ಲಿ ಎಳೆ ಹರಿಯಿತು, ಸುತ್ತಿದ್ದೇ ಸುತ್ತಿದ್ದು, ಮಗಳು ಹೊಟ್ಟೆಯಲ್ಲಿದ್ದಾಗಲೂ, ಗೋಡೆಗೆ ಒರಗಿದರೆ ಆಗಿನ ಮೊದಲಾಳಿ, ಈಗಿನ ಧಣಿ ತಿರುಮೂರ್ತಿಯ ಅಪ್ಪ, ಸುಮ್ಮನೆ ಕೆಮ್ಮುತ್ತಿದ್ದ, ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು — ಈಗ ಮೊಣಕಾಲ ಕೆಳಗೆ ನರಗಳು ನೀಲಿಯಾಗಿ ಗಂಟುಗಟ್ಟಿವೆ, ನಿಲ್ಲೋ ಕೆಲಸ ಬಿಟ್ಟುಬಿಡಿ ಅಂದಳು ಡಾಕ್ಟರಮ್ಮ, ಎಷ್ಟು ಸಲೀಸು.

ಹೊಸ ಮಗ್ಗಗಳು ಬಂದ ದಿನ ತಿರುಮೂರ್ತಿಯೇ ಅಂದದ್ದಲ್ಲವೇ, ಅಕ್ಕಾ, ಇನ್ಮೇಲೆ ಓಡಾಟ ಇಲ್ಲೆ, ಈ ಪರದೆ ಡಬ್ಬನೇ ಎಲ್ಲಾ ಹೇಳ್ತದೆ, ಇಂಗ್ಲಿಷಲ್ಲಿ ಹೇಳ್ತದೆ, ನಿನಗಾಗಾದಿಲ್ಲೆ, ನೀ ನೂಲು ಸುತ್ತೋ ಕಡೆ ಹೋಗು. ಯಾಕಾಗುವುದಿಲ್ಲ? ಯಂತ್ರ ಜೋಡಿಸಲು ದೊಡ್ಡಬಳ್ಳಾಪುರದಿಂದ ಬಂದ ದಿವಾಕರ್‌ನ ಬೆನ್ನು ಬಿಡಲಿಲ್ಲ ಅವಳು, ಕೆಂಪು ಬಂದರೆ ಹಾಸು ಹರಿದಿದೆ, ಉದ್ದದ ಎಳೆ, ಹಳದಿಯಾದರೆ ಹೊಕ್ಕು, ಅಡ್ಡದ್ದು, ಕನ್ನಡದಲ್ಲಿ ಬರೆದುಕೊಡಲಾ ಅಮ್ಮ ಎಂದ, ಮನೆಮಾತು ಸಾರ್, ಆಡಕ್ಕೆ ಬರ್ತದೆ, ಓದಕ್ಕೆ ಬರಲ್ಲ, ಅವನು ಬೆರಗಾದ, ಮೂರೇ ದಿನ, ಬೆರಳುಗಳು ಗುಂಡಿಗಳನ್ನು ಕಲಿತುಬಿಟ್ಟವು. ನಾಲ್ಕು ಎಂಟಾಯಿತು, ಓಡಾಟ ಹೋಯಿತು, ಬಟ್ಟೆ ದುಪ್ಪಟ್ಟು ಇಳಿಯುತ್ತಿದೆ, ನಿಲ್ಲುವುದು ಮಾತ್ರ ಹಾಗೇ ಉಳಿಯಬೇಕೋ, ಡಬ್ಬ ಉಳಿಸಿಕೊಟ್ಟದ್ದರಲ್ಲಿ ಅವಳ ಕಾಲಿಗೆ ಪಾಲಿಲ್ಲವೋ.

ಬಂದ, ತಿರುಮೂರ್ತಿ. ಏನ್ಕಾ ಇದು, ಕೆಲಸದ ಹೊತ್ತಲ್ಲಿ ಕುರ್ಚಿ, ಎದ್ದೇಳು, ನಾಳೆ ಎಲ್ಲಾರೂ ಕುರ್ಚಿ ಕೇಳ್ತಾರೆ. ಕೇಳ್ಲಿ ತಂಬಿ, ಯಾವ ಮಗ್ಗನಾದ್ರೂ ನಿಂತದಾ, ನೋಡು. ಅವನು ನೋಡಲಿಲ್ಲ, ಕುರ್ಚಿಯ ಬೆನ್ನಿಗೆ ಕೈ ಹಾಕಿದ, ಅವಳು ಎರಡೂ ಪಾದಗಳನ್ನು ನೆಲಕ್ಕೆ ಊರಿದಳು — ಅಷ್ಟರಲ್ಲಿ ಏಳನೆಯ ಚೌಕ ಹಳದಿ. ಈಗಲೇ ಬರಬೇಕಿತ್ತೇ, ಎದ್ದರೆ ಕುರ್ಚಿ ಹೋಯಿತು, ಏಳದಿದ್ದರೆ ಕೆಲಸ ಬಿಟ್ಟಳೆಂಬ ಮಾತು, ಆ ಮಾತು ಇಪ್ಪತ್ತೇಳು ವರ್ಷದಲ್ಲಿ ಯಾರೂ ಆಡಿಲ್ಲ, ಎದ್ದಳು, ತಿರುಗಿ ನೋಡದೆ ಏಳನೆಯದರ ಹತ್ತಿರ ಹೋದಳು, ಹರಿದ ಎಳೆ ತೆಗೆದು ಹೊಸತು ಕೊಟ್ಟಳು, ಗುಂಡಿ ಒತ್ತಿದಳು, ಮಗ್ಗ ಮತ್ತೆ ಓಟ ಹಿಡಿಯಿತು, ಹೋಗಲಿ, ನಾಳೆ ಇನ್ನೊಂದು ತರುತ್ತೇನೆ, ನಾಡಿದ್ದು ಮತ್ತೊಂದು, ಎಷ್ಟು ಕಿತ್ತು ಎಸೆಯುತ್ತಾನೋ ಎಸೆಯಲಿ — ತಿರುಗಿದಳು.

ಕುರ್ಚಿ ಅಲ್ಲೇ ಇದೆ. ತಿರುಮೂರ್ತಿಯ ಕೈ ಇನ್ನೂ ಅದರ ಬೆನ್ನ ಮೇಲಿದೆ. ಅದರಲ್ಲಿ ತಮಿಳ್‌ಸೆಲ್ವಿ ಕೂತಿದ್ದಾಳೆ, ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಯಲ್ಲಿ ಕುರ್ಚಿಯನ್ನು ಅವುಚಿ ಹಿಡಿದು, ಕೂತಿದ್ದಾಳೆ, ತಮಿಳ್‌ಸೆಲ್ವಿ, ಕೂತಿದ್ದಾಳೆ.