ಜಾರುವ ಜಾಡಿಗಳು

ಊರಿಗೆಲ್ಲ ನೀರುಣಿಸುವ ಕೆರೆಯ ಪ್ರಯೋಗಾಲಯದಲ್ಲಿ ಕೆಮಿಸ್ಟ್ ಹುಡುಗಿಯೊಬ್ಬಳಿಗೆ ಎರಡು ತಿಂಗಳಿಂದ ತಲೆ ಚಿಟ್ಟು ಹಿಡಿದುಹೋಗಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಚೂರುಗಳು ಕೆರೆನೀರಿನಲ್ಲಿ ಬಿಡಿಬಿಡಿಯಾಗಿಯೇ ಇರುತ್ತವೆಯೋ, ಒಂದಕ್ಕೊಂದು ಅಂಟಿ ಗಂಟಾಗುತ್ತವೆಯೋ ಎಂದು ಅವಳು ನೋಡಬೇಕಿತ್ತು. ಗಂಟಾದರೆ ಶೋಧಿಸುವ ಮರಳಿನಲ್ಲಿ ಸಿಕ್ಕಿಬೀಳುತ್ತವೆ; ಬಿಡಿಯಾಗಿದ್ದರೆ ನುಸುಳಿಕೊಂಡು ನಲ್ಲಿಯವರೆಗೂ ಬರಬಹುದು. ಆದರೆ ಅವಳ ಜಾಡಿಗಳು ಒಂದೊಂದೂ ಒಂದೊಂದು ಕಥೆ ಹೇಳುತ್ತಿದ್ದವು. ಅದೇ ಕೆರೆಯ ನೀರು, ಅದೇ ಅಳತೆಯ ಪ್ಲಾಸ್ಟಿಕ್ ಪುಡಿ. ಒಂದರಲ್ಲಿ ಪುಡಿ ಮಂಜಿನಂತೆ ನಿಂತೇ ಇದ್ದರೆ, ಪಕ್ಕದ್ದರಲ್ಲಿ ಹಿಂಜಿದ ಹತ್ತಿಯಂತೆ ಗಂಟುಗಂಟಾಗಿ ತಳ ಸೇರುತ್ತಿತ್ತು.

"ಜಾಡಿ ಸರಿಯಾಗಿ ತೊಳೆದಿಲ್ಲ, ಇನ್ನೇನು?" ಎಂದು ಮೂಗು ಮುರಿದರು ಪ್ರಯೋಗಾಲಯದ ಮುಖ್ಯಸ್ಥರು. "ಹೋಗಿ ವಿಚಾರಿಸಿ."

ತೊಳೆಯುವ ಕೋಣೆಯಲ್ಲಿದ್ದವಳು ಗಾಜಕ್ಕ. ಇಪ್ಪತ್ತಾರು ವರ್ಷ ಗಾಜಿನ ಪಾತ್ರೆ ತೊಳೆದೂ ತೊಳೆದೂ ಅವಳ ನಿಜವಾದ ಹೆಸರನ್ನೇ ಎಲ್ಲರೂ ಮರೆತಿದ್ದರು. ಕೆಮಿಸ್ಟ್ ಅಳುಕುತ್ತಲೇ ವಿಷಯ ತೆಗೆದಳು. ಗಾಜಕ್ಕ ಸಿಟ್ಟಾಗಲಿಲ್ಲ. ಒಂದು ಜಾಡಿಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು.

"ನಾನು ತೊಳೆದದ್ದು ಹೀಗಿರತ್ತೆ. ಆದ್ರೆ ಮೇಡಂ, ನಿಮ್ಮ ಗಂಟು ಕಟ್ಟೋ ಜಾಡಿಗಳಿವೆಯಲ್ಲ, ತೊಳೆಯೋಕೆ ಬಂದಾಗ ಅವೆಲ್ಲ ಕೈಯಿಂದ ಜಾರ್ತವೆ. ಗಂಟು ಕಟ್ಟದೇ ಇರೋವು ಜಾರಲ್ಲ."

"ಜಾರೋದು ಅಂದ್ರೆ?"

"ಲೋಳೆ. ಕಿಟಕಿ ಹತ್ತಿರ ಕ್ಯಾನಲ್ಲಿ ನೀರು ತುಂಬಿಟ್ಟಿರ್ತೀರಲ್ಲ? ಹೊಸದ್ರಲ್ಲಿ ಇರಲ್ಲ. ಎರಡು ವಾರ ಕಳೀಲಿ, ಹಸಿರು ತಿರುಗತ್ತೆ. ಮೂರನೇ ವಾರಕ್ಕೆ ಆ ಹಸಿರು ಮಂಕಾಗತ್ತೆ ನೋಡಿ, ಆಗ ಲೋಳೆ ಜಾಸ್ತಿ."

ಕೆಮಿಸ್ಟ್ ತನ್ನ ನೋಟ್‌ಬುಕ್ ತಿರುವಿದಳು. ಯಾವ ಕ್ಯಾನು ಕೈಗೆ ಸಿಕ್ಕಿತೋ ಅದರಿಂದ ನೀರು ಬಗ್ಗಿಸಿಕೊಂಡವಳು ತಾನೇ. ನೀರಿನ ವಯಸ್ಸನ್ನು ಬರೆದಿಟ್ಟಿರಲೇ ಇಲ್ಲ.

ಅಂದಿನಿಂದ ಪ್ರತಿ ಕ್ಯಾನಿಗೂ ತಾರೀಖು ಬಿತ್ತು. ಹಳೆಯ ನೀರಿನಿಂದ ಪಾಚಿಯನ್ನು ಪೂರ್ತಿ ಸೋಸಿ ತೆಗೆದು, ಉಳಿದ ತಿಳಿನೀರಿಗೆ ಪ್ಲಾಸ್ಟಿಕ್ ಪುಡಿ ಹಾಕಿದಳು. ಆಗಲೂ ಗಂಟು! ಹಾಗಾದರೆ ಅಂಟಿಸುತ್ತಿದ್ದುದು ಪಾಚಿ ನೀರಿಗೆ ಬಿಟ್ಟುಹೋದ ಲೋಳೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಾಗ ಎಳೆಎಳೆಯಾದ ಲೋಳೆಗೆ ಪ್ಲಾಸ್ಟಿಕ್ ಚೂರುಗಳು ಪೋಣಿಸಿದಂತೆ ಸಿಕ್ಕಿಕೊಂಡಿದ್ದವು. ಗಾಜಕ್ಕನನ್ನೂ ಕರೆದು ತೋರಿಸಿದಳು.

"ಅಬ್ಬಾ, ಇದಕ್ಕೆ ಕೈಯಿಲ್ಲ ಕಾಲಿಲ್ಲ," ಎಂದು ಬೆರಗಾದಳು ಗಾಜಕ್ಕ, "ಆದ್ರೂ ನಮಗಿಂತ ಚೆನ್ನಾಗಿ ಕಸ ಗುಡ್ಡೆ ಹಾಕತ್ತಲ್ಲ!"

ವರದಿಯಲ್ಲಿ ಗಾಜಕ್ಕನ ನಿಜವಾದ ಹೆಸರನ್ನೂ ಅವಳು ಬೆರಳಿನಿಂದಲೇ ಹಳೇ ನೀರನ್ನು ಗುರುತಿಸಿದ ಸಂಗತಿಯನ್ನೂ ಕಂಡು ಮುಖ್ಯಸ್ಥರು ಹುಬ್ಬು ಗಂಟಿಕ್ಕಿದರು. "ಬೆರಳಲ್ಲಿ ಮುಟ್ಟಿ ನೀರಿನ ವಯಸ್ಸು ಹೇಳೋದಾ? ತಮಾಷೆ ಮಾಡ್ತಿದ್ದೀರಾ?"

"ನೀವೇ ಪರೀಕ್ಷೆ ಮಾಡಿ, ಸರ್."

ಬೇರೆ ಬೇರೆ ವಯಸ್ಸಿನ ನೀರು ತುಂಬಿದ ಹನ್ನೆರಡು ಜಾಡಿಗಳ ತಾರೀಖಿನ ಚೀಟಿ ಮುಚ್ಚಿ ಸಾಲಾಗಿಟ್ಟರು. ಗಾಜಕ್ಕನ ಕಣ್ಣಿಗೆ ಬಟ್ಟೆ ಕಟ್ಟಿದರು. ಅವಳು ಒಂದೊಂದಕ್ಕೂ ಎರಡು ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ ಹೇಳುತ್ತಾ ಹೋದಳು: "ಇದು ಹೊಸದು. ಇದು ಎರಡು ವಾರದ್ದು. ಇದು ತೀರಾ ಹಳೇದು, ಥೂ." ಮುಖ್ಯಸ್ಥರು ಒಂದೊಂದೇ ಚೀಟಿ ಬಿಡಿಸುತ್ತಾ ಹೋದಂತೆ ಅವರ ಮುಖದ ಬಿಗಿ ಸಡಿಲವಾಗತೊಡಗಿತು. ಹನ್ನೊಂದೂ ಸರಿ. ಹನ್ನೆರಡನೆಯದಕ್ಕೆ ಅವಳು ಮೂರು ಸಲ ಬೆರಳಿಟ್ಟು ತಲೆಯಾಡಿಸಿದಳು.

"ಇದು ಗೊತ್ತಾಗ್ತಿಲ್ಲ."

"ಸುಮ್ನೆ ಒಂದು ಊಹೆ ಹೇಳಿ," ಎಂದರು ಮುಖ್ಯಸ್ಥರು.

"ಗೊತ್ತಿಲ್ದೇ ಇರೋದನ್ನ ಹೇಗೆ ಹೇಳ್ಲಿ ಸಾರ್? ನೀವು ಅದನ್ನ ಬರ್ಕೊಂಡುಬಿಡ್ತೀರಿ."

ಎರಡು ತಿಂಗಳು ಊಹೆಯ ಹಿಂದೆ ಬಿದ್ದಿದ್ದ ಕೆಮಿಸ್ಟ್‌ಗೆ ಹನ್ನೊಂದು ಸರಿಯುತ್ತರಗಳಿಗಿಂತ ಈ ಒಂದು ಮಾತೇ ಹೆಚ್ಚಾಗಿ ಕಂಡಿತು. ಮುಖ್ಯಸ್ಥರು ವರದಿಗೆ ಸಹಿ ಹಾಕಿದರು. ಹೊರಡುವಾಗ ಮೊದಲ ಬಾರಿಗೆ ಗಾಜಕ್ಕನನ್ನು "ಅಮ್ಮಾ" ಎಂದು ಕರೆದು, "ಜಾಡಿ ತೊಳೆದಿಲ್ಲ ಅಂದಿದ್ದೆ, ತಪ್ಪಾಯ್ತು," ಎಂದರು.

ಗಾಜಕ್ಕ ಆಗಲೇ ಇನ್ನೇನೋ ಯೋಚಿಸುತ್ತಿದ್ದಳು. "ಮೇಡಂ, ಗಂಟಾಗಿ ಮುಳುಗಿತು ಅಂತ ನಾವು ಖುಷಿಪಡ್ತಿದ್ದೀವಿ. ಕೆರೆ ತಳದಲ್ಲಿ ಹುಳುಹುಪ್ಪಟೆ ಇರಲ್ವಾ? ಅವು ತಿನ್ನಲ್ವಾ ಅದನ್ನ?"

"ಗೊತ್ತಿಲ್ಲ ಅಕ್ಕ," ಎಂದಳು ಕೆಮಿಸ್ಟ್, ನಾಚಿಕೊಳ್ಳದೆ.

ಮರುವಾರ ತಳದ ಹುಳುಗಳನ್ನು ನೋಡಲು ಅವರಿಬ್ಬರೂ ದೋಣಿಯಲ್ಲಿ ಕೆರೆಯ ನಡುವಿಗೆ ಹೋದರು. ಇಪ್ಪತ್ತಾರು ವರ್ಷ ಅದರ ನೀರು ಚೆಲ್ಲಿ ಜಾಡಿ ತೊಳೆದಿದ್ದ ಗಾಜಕ್ಕ ಕೆರೆಯ ಮೇಲೆ ಬಂದದ್ದು ಅದೇ ಮೊದಲು. ದೋಣಿ ಅಲುಗಿದಾಗಲೆಲ್ಲ ಕೆಮಿಸ್ಟ್‌ನ ತೋಳು ಹಿಡಿದುಕೊಳ್ಳುತ್ತಿದ್ದಳು. ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಬುಟ್ಟಿ ತಳದ ಕೆಸರು ಹೊತ್ತು ಮೇಲೆ ಬಂದದ್ದೇ ತಡ, ಹೆದರಿಕೆ ಮರೆತು ಮುಂದೆ ಬಾಗಿ, ತೋಳಿನ ಬಟ್ಟೆ ಮಡಿಸಿ, ಕೆಸರಿಗೆ ಎರಡು ಬೆರಳಿಳಿಸಿದಳು.